ಕಾರ್ ಕೇಕ್ ಕೆತ್ತುವಾಗ ಪುಡಿ ಉದುರುವುದು ನಿಂತಿದ್ದು ಹೀಗೆ

ಮೊದಲ ಸಲ ಕಾರಿನ ಆಕಾರಕ್ಕೆ ಕೇಕ್ ಕೆತ್ತಲು ಕೂತಾಗ ಚಾಕು ಇಟ್ಟಲ್ಲೆಲ್ಲ ಪುಡಿ ಉದುರುತ್ತಿತ್ತು. ಬಾನೆಟ್ಟಿನ ಅಂಚು ಕೈಗೇ ಬಂತು. ಕೇಕ್ ಇನ್ನೂ ಮೆತ್ತಗಿತ್ತು, ಅಷ್ಟೇ.

ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿ 40 ನಿಮಿಷ ಇಟ್ಟೆ. ಪೂರ್ತಿ ಕಲ್ಲಾಗಬಾರದು, ಬೆರಳಲ್ಲಿ ಒತ್ತಿದರೆ ತಗ್ಗು ಬೀಳದಿದ್ದರೆ ಸಾಕು. ನನ್ನದು ಬೆಣ್ಣೆ ಕೇಕ್. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದಲ್ವಾ, ಅದೇ ಇಲ್ಲಿ ಕೆಲಸ ಮಾಡಿದ್ದು. ಹಗುರವಾದ ಸ್ಪಾಂಜ್ ಕೇಕ್ ಕೆತ್ತನೆಗೆ ಬೇಡವೇ ಬೇಡ ಅಂತೀನಿ.

ಪಕ್ಕದಿಂದ ಕಾರು ಹೇಗೆ ಕಾಣುತ್ತದೋ ಹಾಗೆ ಕಾಗದ ಕತ್ತರಿಸಿ, ಟೂತ್‌ಪಿಕ್ ಚುಚ್ಚಿ ಕೇಕಿಗೆ ನಿಲ್ಲಿಸಿದೆ. ಹಲ್ಲಿರುವ ಬ್ರೆಡ್ ಚಾಕುವನ್ನು ಒತ್ತದೆ, ಗರಗಸದ ಹಾಗೆ ಎಳೆಯುತ್ತಾ ತೆಳುವಾಗಿ ಹೆರೆದೆ. ಜಾಸ್ತಿ ಉಳಿದರೆ ಮತ್ತೆ ತೆಗೆಯಬಹುದು.

ಮುರಿದ ಬಾನೆಟ್ಟಿಗೆ? ಉಳಿದ ಚೂರುಗಳನ್ನು ಬಟರ್‌ಕ್ರೀಮ್ ಜೊತೆ ಕಲಸಿ ಮೆತ್ತಿದೆ. ಆಮೇಲೆ ಇಡೀ ಕೇಕಿಗೆ ತೆಳುವಾಗಿ ಕ್ರೀಮ್ ಸವರಿದೆ. ಪುಡಿಯೆಲ್ಲ ಅದಕ್ಕೇ ಅಂಟಿಕೊಂಡಿತು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಎರಡನೇ ಪದರ ಹಚ್ಚಿದೆ, ನುಣ್ಣಗೆ ಬಂತು. ಚಕ್ರಗಳಿಗೆ ಸುಮ್ನೆ ಕ್ರೀಮ್ ಬಿಸ್ಕತ್ತು ಅಂಟಿಸಿದೆ. ಕ್ರೀಮ್ ಹಚ್ಚುವ ಮೊದಲು ಟೂತ್‌ಪಿಕ್‌ಗಳನ್ನು ಮಾತ್ರ ಎಣಿಸಿ ತೆಗೆಯಿರಿ.