ಮಂಡಿಗೆ ಪೆಟ್ಟಾದರೆ ತೊಡೆಯನ್ನೂ ನೋಡಿಕೊಳ್ಳಿ

ಮೆಟ್ಟಿಲಲ್ಲಿ ಕಾಲು ಜಾರಿರುತ್ತದೆ, ಇಲ್ಲವೇ ಆಡುವಾಗ ಮಂಡಿ ಸ್ವಲ್ಪ ಹೊರಳಿರುತ್ತದೆ. ಹೊರಗೆ ಗಾಯವೇನೂ ಕಾಣದು. ಆದರೂ ಕಾಲೂರಿದ ಕೂಡಲೇ ಜೀವ ಹಿಂಡಿದಂತಾಗುತ್ತದೆ. ಆಗ ಕೆಲವರು ಹಲ್ಲು ಕಚ್ಚಿಕೊಂಡು ಓಡಾಡುತ್ತಾರೆ, ಕೆಲವರು ಹದಿನೈದು ದಿನ ಮಂಚ ಬಿಟ್ಟಿಳಿಯುವುದಿಲ್ಲ. ಎರಡೂ ಮಂಡಿಗೆ ಒಳ್ಳೆಯದಲ್ಲ.

ಮೊದಲು: ಪೆಟ್ಟು ಸಣ್ಣದೇ ಎಂದು ಖಚಿತಪಡಿಸಿಕೊಳ್ಳಿ

ಊತ ಯಾವಾಗ ಬಂತು ಎಂಬುದನ್ನು ನೆನಪಿಟ್ಟುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಬಿದ್ದ ಒಂದೆರಡು ಗಂಟೆಯೊಳಗೇ ಮಂಡಿ ಗುಂಡಗೆ ಊದಿಕೊಂಡರೆ ಕೀಲಿನೊಳಗೆ ರಕ್ತ ಸೇರಿರುವ ಸಾಧ್ಯತೆ ಹೆಚ್ಚು. ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್ ಎಂಬ ಪಟ್ಟಿ ಹರಿದಾಗ ಅಥವಾ ಮೂಳೆ ಬಿರುಕು ಬಿಟ್ಟಾಗ ಹೀಗಾಗುತ್ತದೆ. ಮರುದಿನ ನಿಧಾನವಾಗಿ ಬರುವ ಊತ ಸಾಮಾನ್ಯವಾಗಿ ಅಷ್ಟು ಗಂಭೀರವಲ್ಲ. ಬೀಳುವಾಗ ಒಳಗಿನಿಂದ 'ಟಪ್' ಎಂಬ ಸದ್ದು ಬಂದಿದ್ದರೆ ಅದನ್ನೂ ಹೇಳಿ.

ಎಕ್ಸ್‌ರೇ ಯಾರಿಗೆ ಬೇಕು ಎಂದು ತೀರ್ಮಾನಿಸಲು ಕೆನಡಾದ ಒಟ್ಟಾವಾದಲ್ಲಿ 1990ರ ದಶಕದಲ್ಲಿ ರೂಪುಗೊಂಡ ನಿಯಮಗಳನ್ನು ಇಂದಿಗೂ ಅನೇಕ ತುರ್ತು ಚಿಕಿತ್ಸಾ ವಿಭಾಗಗಳು ಬಳಸುತ್ತವೆ. ವಯಸ್ಸು 55 ಅಥವಾ ಅದಕ್ಕಿಂತ ಹೆಚ್ಚಿರುವುದು, ಒತ್ತಿದಾಗ ಮಂಡಿಚಿಪ್ಪಿನಲ್ಲಿ ಮಾತ್ರ ನೋವಾಗುವುದು, ಮಂಡಿಯ ಹೊರಬದಿಯಲ್ಲಿ ತುಸು ಕೆಳಗಿರುವ ಮೂಳೆಯ ಗಂಟನ್ನು ಮುಟ್ಟಿದರೆ ನೋವಾಗುವುದು, ಮಂಡಿ 90 ಡಿಗ್ರಿ ಮಡಚಲಾಗದಿರುವುದು, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲಾಗದಿರುವುದು. ಇವುಗಳಲ್ಲಿ ಒಂದಿದ್ದರೂ ವೈದ್ಯರಲ್ಲಿಗೆ ಹೋಗಿ.

ಮಂಡಿ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಪೂರ್ತಿ ನೇರವಾಗದಿದ್ದರೆ ಅಥವಾ ನಡೆಯುವಾಗ ಕುಸಿಯುತ್ತಿದ್ದರೂ ತಡಮಾಡಬೇಡಿ. ಜ್ವರದ ಜತೆ ಮಂಡಿ ಕೆಂಪಾಗಿ ಬಿಸಿಯಾದರೆ ಕೀಲಿಗೆ ಸೋಂಕು ತಗುಲಿರಬಹುದು. ಅದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಈ ಎರಡಕ್ಕೂ ಅದೇ ದಿನ ಚಿಕಿತ್ಸೆ ಬೇಕು.

ಮೊದಲ ಎರಡು ಮೂರು ದಿನ

ತೆಳು ಬಟ್ಟೆಯಲ್ಲಿ ಸುತ್ತಿದ ಐಸನ್ನು 15ರಿಂದ 20 ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ ಸಾಕು. ಬರಿ ಚರ್ಮಕ್ಕೆ ಐಸ್ ತಾಗಿಸಬೇಡಿ. ವಿಶ್ರಾಂತಿ, ಐಸ್, ಪಟ್ಟಿ, ಕಾಲೆತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ ತಮ್ಮ ಮಾತನ್ನು ತಿದ್ದಿಕೊಂಡರು: ಐಸ್ ನೋವು ತಗ್ಗಿಸುತ್ತದೆ, ಆದರೆ ಅತಿಯಾದರೆ ವಾಸಿಯಾಗುವುದು ನಿಧಾನವಾಗಬಹುದು. ಹಾಗಾಗಿ ನೋವಿಗಾಗಿ ಇಡಿ, ವಾರಗಟ್ಟಲೆ ಮುಂದುವರಿಸಬೇಡಿ.

ಎಲಾಸ್ಟಿಕ್ ಪಟ್ಟಿ ಕಟ್ಟಿದ ಮೇಲೆ ಬೆರಳುಗಳು ಜೋಮು ಹಿಡಿದರೆ ಅಥವಾ ತಣ್ಣಗಾದರೆ ಬಿಚ್ಚಿ, ಸಡಿಲವಾಗಿ ಕಟ್ಟಿ. ಮಲಗುವಾಗ ತೆಗೆದಿಡಿ. ದಿಂಬನ್ನು ಮಂಡಿಯ ಕೆಳಗೆ ಮಾತ್ರ ಇಟ್ಟುಕೊಂಡು ದಿನವಿಡೀ ಮಲಗುವುದು ಹಿತವೆನಿಸಿದರೂ ಬೇಡ. ಮಂಡಿ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಂಡುಬಿಡುತ್ತದೆ. ಮೀನಖಂಡದಿಂದ ಹಿಮ್ಮಡಿಯವರೆಗೆ ದಿಂಬು ಕೊಟ್ಟು ಕಾಲನ್ನು ನೇರವಾಗಿ ಎತ್ತಿಡಿ.

ಬಿಸಿ ಶಾಖ, ಎಣ್ಣೆ ಹಚ್ಚಿ ನೀವುವುದು ಈ ದಿನಗಳಲ್ಲಿ ಖಂಡಿತ ಬೇಡ. ಪ್ರೀತಿಯಿಂದ ನೀವಲು ಬಂದವರನ್ನೂ ತಡೆಯಿರಿ, ಒಳಗಿನ ಊತ ಹೆಚ್ಚುತ್ತದೆ. ಮಾತ್ರೆ ಬೇಕೆನಿಸಿದರೆ ಹೆಚ್ಚಿನವರಿಗೆ ಪ್ಯಾರಾಸಿಟಮಾಲ್ ಸಾಕು. ವಯಸ್ಕರು ದಿನಕ್ಕೆ 4 ಗ್ರಾಂ ಮೀರಕೂಡದು, ಯಕೃತ್ತಿನ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಗರ್ಭಿಣಿಯರು ಐಬುಪ್ರೊಫೇನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಮುಖ್ಯ ಕೆಲಸ: ತೊಡೆಯನ್ನು ಎಚ್ಚರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮಂಡಿ ಊದಿಕೊಂಡಾಗ ನರಗಳು ತೊಡೆಯ ಮುಂಭಾಗದ ಸ್ನಾಯುವನ್ನು ತಾವಾಗಿಯೇ ಮಂಕಾಗಿಸುತ್ತವೆ. ಆರೋಗ್ಯವಂತ ಮಂಡಿಗೆ ಸ್ವಲ್ಪ ಲವಣಜಲ ತುಂಬಿಸಿ ನೋಡಿದ ಪ್ರಯೋಗಗಳಲ್ಲಿ, ಯಾವ ಪೆಟ್ಟೂ ಇಲ್ಲದೆಯೇ ಆ ಸ್ನಾಯುವಿನ ಬಲ ಕುಗ್ಗಿತ್ತು. ಮಂಡಿಯನ್ನು ಹಿಡಿದು ನಿಲ್ಲಿಸುವುದೇ ಆ ಸ್ನಾಯು. ನೋವು ಹೋದ ಮೇಲೂ ಅದು ತಾನಾಗಿ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ನನಗೂ ಒಮ್ಮೆ ಹತ್ತೇ ದಿನದಲ್ಲಿ ನೋವು ಮಾಯವಾಗಿತ್ತು. ವಾಸಿಯಾಯಿತೆಂದು ಮೆಟ್ಟಿಲಿಳಿಯಲು ಹೊರಟರೆ ಮೂರನೇ ಮೆಟ್ಟಿಲಲ್ಲೇ ಕಾಲು ಸಡಿಲವಾಯಿತು.

ಕಾಲು ಚಾಚಿ ಕುಳಿತು, ಮಂಡಿಯ ಹಿಂಬದಿಯನ್ನು ಹಾಸಿಗೆಗೆ ಒತ್ತುವಂತೆ ತೊಡೆಯನ್ನು ಬಿಗಿಮಾಡಿ. ಐದು ಎಣಿಸಿ ಸಡಿಲಿಸಿ. ಹತ್ತು ಸಲ, ದಿನಕ್ಕೆ ಮೂರು ಬಾರಿ. ಚುಚ್ಚುವ ನೋವಿಲ್ಲದಿದ್ದರೆ ಇದನ್ನು ಎರಡನೇ ದಿನದಿಂದಲೇ ಮಾಡಬಹುದು. ಜತೆಗೆ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿಯನ್ನು ಆದಷ್ಟು ಮಡಚಿ, ಮತ್ತೆ ಚಾಚಿ. ಅದು ಸಲೀಸಾದ ಮೇಲೆ, ಮಂಡಿ ಬಾಗದಂತೆ ನೇರ ಕಾಲನ್ನು ಒಂದು ಗೇಣು ಎತ್ತಿ ಇಳಿಸಿ.

ಎಷ್ಟು ಮಾಡಬಹುದು ಎಂಬುದನ್ನು ಮರುದಿನ ಬೆಳಿಗ್ಗೆ ಮಂಡಿಯೇ ತಿಳಿಸುತ್ತದೆ. ನೋವು, ಊತ ನಿನ್ನೆಯಷ್ಟೇ ಇದ್ದರೆ ಮುಂದುವರಿಸಿ, ಹೆಚ್ಚಾಗಿದ್ದರೆ ಅರ್ಧಕ್ಕಿಳಿಸಿ.

ನಡಿಗೆ, ಮೆಟ್ಟಿಲು, ಆಟ

ಊರುಗೋಲನ್ನು ನೋಯುವ ಕಾಲಿನ ಬದಿಯಲ್ಲಲ್ಲ, ಅದರ ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಒಂದೆರಡು ವಾರ ಕುಕ್ಕರುಗಾಲಲ್ಲಿ ಕೂರುವುದನ್ನು ಬಿಡಿ.

ಎರಡು ವಾರವಾದರೂ ಸುಧಾರಣೆ ಕಾಣದಿದ್ದರೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ನೋಡಿ. ಮಕ್ಕಳ ವಿಷಯದಲ್ಲಿ ಇನ್ನೂ ಬೇಗ. ಅವರು ಮಂಡಿ ನೋವು ಎಂದು ಕುಂಟುವಾಗ ತೊಂದರೆ ಕೆಲವೊಮ್ಮೆ ಸೊಂಟದ ಕೀಲಿನಲ್ಲಿರುತ್ತದೆ.

ಆಟಕ್ಕೆ ಮರಳುವ ಮೊದಲು ತಗ್ಗಾದ ಮೆಟ್ಟಿಲ ಮೇಲೆ ಪೆಟ್ಟಾದ ಕಾಲಲ್ಲಿ ನಿಂತು, ಕಂಬಿಯನ್ನು ಹಗುರವಾಗಿ ಹಿಡಿದು, ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ಮೇಲೆತ್ತಿ. ಹತ್ತು ಸಲ. ಮಂಡಿ ನಡುಗುತ್ತಿದೆಯೇ, ಒಳಮುಖವಾಗಿ ವಾಲುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಎರಡೂ ಕಾಲು ಇದನ್ನು ಒಂದೇ ಹದದಲ್ಲಿ ಮಾಡುವವರೆಗೆ ಮೈದಾನಕ್ಕಿಳಿಯಬೇಡಿ.