ಟರ್ಫ್ ಕಡಿದು ಒಣಗಿಸುವ ಬಗೆ

ಪಶ್ಚಿಮ ಐರ್ಲೆಂಡಿನ ಮೇಯೊ, ಗಾಲ್ವೇ ಕಡೆಯ ಹಳ್ಳಿಗಳಲ್ಲಿ ಚರ್ಚು, ಶಾಲೆ, ಸ್ಮಶಾನದಂತೆ ಊರಿನ ಬಾಗ್ ಕೂಡ ಎಲ್ಲರೂ ಬಲ್ಲ ಜಾಗ. ಬಾಗ್ ಎಂದರೆ ಒಲೆಗೆ ಟರ್ಫ್ ಸಿಗುವ ಜವುಗುನೆಲ. ಟರ್ಫ್ ಎಂದರೆ ಅರೆಕೊಳೆತ ಗಿಡಗಳಿಂದಾದ, ಒಣಗಿಸಿ ಉರಿಸುವ ಮಣ್ಣು (ಪೀಟ್). ಕಡಿಯುವ ಹಕ್ಕು ಬಾಗಿನ ಯಾವ ನೆಲದ ಪಟ್ಟಿಯಲ್ಲಿ ಯಾರಿಗಿದೆ ಎಂದು ಮೊದಲು ವಿಚಾರಿಸಿಕೊಳ್ಳಿ.

ಏಪ್ರಿಲ್ ಕೊನೆಗೆ ಶುರು ಮಾಡಿ. ಅದಕ್ಕೂ ಮುಂಚೆ ಕಡಿದರೆ ರಾತ್ರಿಯ ಹಿಮಕ್ಕೆ ಒದ್ದೆ ಹೆಂಟೆ ಪುಡಿಯಾಗುತ್ತದೆ. ಜೂನ್ ದಾಟಿದರೆ ಒಣಗಲು ದಿನ ಸಾಲದು. ಮೇಲಿನ ಹುಲ್ಲು-ಬೇರಿನ ಪದರವನ್ನು ಕಿತ್ತು, ಹಿಂದೆ ಕಡಿದ ಗುಂಡಿಯ ತಳಕ್ಕೆ ಹುಲ್ಲು ಮೇಲಾಗಿ ಹಾಸಿ. ನೆಲ ಮತ್ತೆ ಚಿಗುರಬೇಕಲ್ಲ. ಆಮೇಲೆ ಶ್ಲಾನ್ ಹಿಡಿಯಿರಿ. ಪಕ್ಕಕ್ಕೊಂದು ರೆಕ್ಕೆಯಿರುವ ಈ ಗುದ್ದಲಿ ಒಂದೇ ಒತ್ತಿಗೆ ಎರಡು ಬದಿ ಕತ್ತರಿಸುತ್ತದೆ. ಹೆಂಟೆಗಳನ್ನು ದಡದ ಮೇಲೆ ಒಂದೊಂದಾಗಿ ಹರಡಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಹಸಿ ಟರ್ಫಿನಲ್ಲಿ ಸುಮಾರು 90% ನೀರೇ. ಆತುರಪಟ್ಟು ಎತ್ತಿದರೆ ಮುರಿಯುತ್ತದೆ, ಮರೆತು ಬಿಟ್ಟರೆ ಅಡಿಭಾಗ ನೆಲದ ತೇವ ಹೀರುತ್ತಲೇ ಇರುತ್ತದೆ. ಒಂದು ತುದಿ ಹಿಡಿದು ಎತ್ತಿ ನೋಡಿ: ಬಾಗದಿದ್ದರೆ ಹದ ಬಂದಿದೆ. ಒಳ್ಳೆಯ ಹವೆಯಿದ್ದರೆ ಇದಕ್ಕೆ ಎರಡು-ಮೂರು ವಾರ. ಆಗ ಐದಾರು ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಮೇಲೊಂದನ್ನು ಅಡ್ಡ ಇಡಿ. ನಡುವೆ ಸಂದು ಬಿಡಲೇಬೇಕು, ಬಿಸಿಲಿಗಿಂತ ಗಾಳಿಯೇ ಹೆಚ್ಚು ಒಣಗಿಸುವುದು. ಬೆನ್ನು ನೋಯುವ ಕೆಲಸ, ಆದರೆ ಚಳಿಗಾಲದ ಬೆಂಕಿ ನಿಂತಿರುವುದು ಇದರ ಮೇಲೆಯೇ.

ತಟ್ಟಿದಾಗ ಗಟ್ಟಿ ಸದ್ದು ಬಂದ ಮೇಲೆ ಮನೆಗೆ ಸಾಗಿಸಿ. ಹೊರಗೆ ಪೇರಿಸುವುದಾದರೆ ಹೊರಸಾಲಿನ ಹೆಂಟೆಗಳು ಹೊರಕ್ಕೆ ಇಳಿಜಾರಾಗಿರಲಿ, ಮಳೆನೀರು ಜಾರಿಹೋಗುತ್ತದೆ.