ನಮ್ಮ ಬಿಸಿಲಿಗೆ ಯಾವ ಫಿಲ್ಮು? ಹಳೇ ಕ್ಯಾಮೆರಾ ಜೊತೆ ನನ್ನ ಅನುಭವ

ಫಿಲ್ಮ್ ಫೋಟೋಗ್ರಫಿ ಶುರು ಮಾಡ್ಬೇಕು ಅನ್ನೋರು ಮೊದ್ಲು ಕೇಳೋದೇ ಯಾವ ಫಿಲ್ಮ್ ತಗೊಳ್ಳಿ ಅಂತ. ಯೂಟ್ಯೂಬ್ ನೋಡಿದ್ರೆ ಎಲ್ಲೋ ಲಂಡನ್ ಮೋಡದ ಬೆಳಕಲ್ಲಿ ತೆಗೆದ ಫೋಟೋ ತೋರ್ಸಿ ಈ ಫಿಲ್ಮ್ ಸಾಫ್ಟು, ಆ ಫಿಲ್ಮ್ ಹಾರ್ಡು ಅಂತಾರೆ, ಅದೇ ರೋಲ್ ತಂದು ಏಪ್ರಿಲ್ ಮಧ್ಯಾಹ್ನ ಮಂಡ್ಯದ ಸಂತೇಲಿ ಹಾಕಿದ್ರೆ ಅದು ಬೇರೆ ಫಿಲ್ಮೇ ಆಗೋಗುತ್ತೆ. ನಮ್ಮ ಬಿಸಿಲು ಬೇರೆ, ನಮ್ಮ ನಲ್ಲಿ ನೀರಿನ ಬಿಸಿ ಬೇರೆ. ಅದಕ್ಕೇ ನಾನು ಕ್ಯಾಮೆರಾ ಒಂದೇ ಇಟ್ಕೊಂಡೆ, ಲೆನ್ಸ್ ಒಂದೇ, ಹೋಗೋ ಜಾಗಗಳೂ ಹೆಚ್ಚುಕಮ್ಮಿ ಅವೇ, ಫಿಲ್ಮ್ ಒಂದನ್ನೇ ಬದಲಾಯಿಸ್ತಾ ಹೋದೆ. ಹಂಗೆ ಮಾಡಿದ್ಮೇಲೇನೇ ಯಾವ ಫಿಲ್ಮ್ ಏನು ಮಾಡುತ್ತೆ ಅಂತ ಗೊತ್ತಾಗಿದ್ದು.

ಕ್ಯಾಮೆರಾ ಪೆಂಟಾಕ್ಸ್ ಕೆ1000, 50 ಎಂಎಂ ಎಫ್ 2 ಲೆನ್ಸ್. 1976ರಿಂದ 1997ರವರೆಗೂ ಬಂದ ಮಾಡೆಲ್ ಇದು, ಕಲಿಯೋರ ಕ್ಯಾಮೆರಾ ಅಂತಲೇ ಹೆಸರು. ಮಂಡ್ಯದಲ್ಲಿ ಬಾಗಿಲು ಹಾಕ್ತಿದ್ದ ಒಂದು ಸ್ಟುಡಿಯೋದಿಂದ ತಗೊಂಡೆ. ಶಟರ್ ಪೂರ್ತಿ ಮೆಕ್ಯಾನಿಕಲ್, ಸೆಲ್ ಬೇಕಾಗಿರೋದು ಬೆಳಕು ಅಳೆಯೋ ಮೀಟರ್‌ಗೆ ಮಾತ್ರ, ಸೆಲ್ ಸತ್ತೋದ್ರೂ ಕ್ಯಾಮೆರಾ ನಡೆಯುತ್ತೆ. ಮೀಟರ್‌ಗೆ ಆನ್ ಆಫ್ ಸ್ವಿಚ್ ಇಲ್ಲ, ಲೆನ್ಸ್ ಮುಚ್ಚಳ ಹಾಕಿಟ್ರೆ ಸೆಲ್ ಉಳಿಯುತ್ತೆ, ತೆಗೆದಿಟ್ರೆ ಬೇಗ ಖಾಲಿ. ಹಳೇ ಕ್ಯಾಮೆರಾ ತಗೊಳ್ಳೋರು ಮೊದ್ಲು ಹಿಂದಿನ ಬಾಗಿಲು ತೆಗೆದು ಅಂಚಿನ ಕಪ್ಪು ಫೋಮ್ ಮುಟ್ಟಿ ನೋಡಿ, ಬೆರಳಿಗೆ ಟಾರ್ ತರ ಅಂಟಿದ್ರೆ ಅದು ಹೋಗಿದೆ ಅಂತ, ಅಲ್ಲಿಂದ ಬೆಳಕು ನುಗ್ಗಿ ಫೋಟೋ ಮೇಲೆ ಕೆಂಪು ಪಟ್ಟೆ ಬರುತ್ತೆ. ನಾನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಟೂತ್‌ಪಿಕ್‌ನಲ್ಲಿ ಕೆರೆದು ಆ ಸಂದಿಗೆ ಕಪ್ಪು ಉಲ್ಲನ್ ದಾರ ಅಂಟಿಸ್ದೆ, ಇವತ್ತಿಗೂ ಗಟ್ಟಿಯಾಗಿದೆ. ಶಟರ್ ಸ್ಪೀಡ್ ಚೆಕ್ ಮಾಡೋಕೆ ಫೋನಲ್ಲೇ ಆಗುತ್ತೆ. ಬಾಗಿಲು ತೆಗೆದು, ಹಿಂದಿನಿಂದ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಫ್ರೇಮ್‌ನಲ್ಲಿ ತೆಗೀರಿ, 1/30 ಸೆಕೆಂಡ್ ಇಟ್ಟಾಗ ಸುಮಾರು 8 ಫ್ರೇಮ್ ಬೆಳಕು ಕಾಣ್ಬೇಕು. ಅದು 12 ಫ್ರೇಮ್ ಬಂದ್ರೆ ಶಟರ್ ನಿಧಾನ ಆಗಿದೆ. 1/500, 1/1000 ಇದರಲ್ಲಿ ಅಳೆಯೋಕೆ ಆಗಲ್ಲ.

ಬ್ಲ್ಯಾಕ್ ಅಂಡ್ ವೈಟ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಟಿ.ಎಸ್. ಸತ್ಯನ್ ಅವರ ಫೋಟೋಗಳಿಂದ. ನಮ್ಮ ಮೈಸೂರಲ್ಲೇ 1923ರಲ್ಲಿ ಹುಟ್ಟಿ ದೇಶಕ್ಕೇ ಹೆಸರಾದವರು, ಅವರ ಕಪ್ಪು ಬಿಳುಪಲ್ಲಿ ನಮ್ಮ ಬಿಸಿಲು ಸುಡಲ್ಲ, ನೆರಳಲ್ಲೂ ಮುಖ ಕಾಣುತ್ತೆ. ಆ ನೆರಳು ಬೇಕು ಅಂತಾನೇ ನಾನು ಇಷ್ಟೆಲ್ಲ ಮಾಡಿದ್ದು ಅನ್ಬೋದು.

ಮೊದ್ಲು ಹಾಕಿದ್ದು ಇಲ್ಫೋರ್ಡ್ ಎಚ್‌ಪಿ5 ಪ್ಲಸ್. ಡಬ್ಬಿ ಮೇಲೆ 400 ಅಂತಿರುತ್ತೆ, ಅದು ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಐಎಸ್ಒ ನಂಬರ್, ಕ್ಯಾಮೆರಾದಲ್ಲಿ ಅದನ್ನ ಕಮ್ಮಿ ಇಟ್ಟಷ್ಟೂ ಫಿಲ್ಮ್‌ಗೆ ಬೆಳಕು ಜಾಸ್ತಿ ಸಿಗುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಮೈಸೂರಿನ ದೇವರಾಜ ಮಾರ್ಕೆಟ್ ಹೊರಗಡೆ 400ಕ್ಕೇ ಇಟ್ಟು ತೆಗೆದಾಗ ಹೂವಿನೋರ ಕಣ್ಣಿನ ಗುಳಿ ಪೂರ್ತಿ ಕಪ್ಪು, ಮೇಲಿನ ಟಾರ್ಪಾಲು ಪೂರ್ತಿ ಬಿಳಿ. ಅದೇ ಫಿಲ್ಮ್‌ನ 200 ಅಂತ ಅಂದ್ಕೊಂಡು ಒಂದು ಸ್ಟಾಪ್ ಬೆಳಕು ಜಾಸ್ತಿ (ಅಂದ್ರೆ ಎರಡರಷ್ಟು) ಕೊಟ್ಟು, ಫಿಲ್ಮ್ ತೊಳೆಯುವಾಗ ಚಿತ್ರ ಮೂಡಿಸೋ ಡೆವಲಪರ್ ಟೈಮ್ ಐದರಲ್ಲಿ ಒಂದು ಪಾಲು ಕಮ್ಮಿ ಮಾಡಿದ್ರೆ ನೆರಳೂ ತೆರೆಯುತ್ತೆ, ಟಾರ್ಪಾಲಿನ ಮಡಿಕೆಯೂ ಉಳಿಯುತ್ತೆ. ನೆರಳು ಬರೋದು ಎಕ್ಸ್‌ಪೋಷರ್‌ನಿಂದ, ಬಿಳಿ ಭಾಗ ನೆಗೆಟಿವ್‌ನಲ್ಲಿ ಎಷ್ಟು ದಪ್ಪ ಆಗುತ್ತೆ ಅನ್ನೋದು ಡೆವಲಪರ್‌ನಿಂದ, ಇದೊಂದು ತಲೇಲಿ ಕೂತ್ರೆ ಅರ್ಧ ಕೆಲಸ ಆದಂಗೆ. ಬಿಸಿಲುಗಾಲದ ಮಧ್ಯಾಹ್ನಕ್ಕೆ ನಾನು ಈಗ ಬೇರೆ ರೀತಿ ತೆಗೆಯೋದೇ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಜಾಗ ಅಂದ್ರೆ ಮಂಡ್ಯ ಕಡೆಯ ಆಲೆಮನೆ. ಒಳಗೆ ಕತ್ತಲು, ಗೋಡೆ ಎಲ್ಲ ಮಸಿ, ಹೆಂಚಿನ ಸಂದೀಲಿ ಒಂದೊಂದು ಬಿಸಿಲ ಕೋಲು, ಕೊಪ್ಪರಿಗೇಲಿ ಕಬ್ಬಿನ ಹಾಲು ಕುದೀತಾ ಆವಿ ದಟ್ಟವಾಗಿ ಏಳ್ತಿರುತ್ತೆ, ಕೆಳಗೆ ಒಲೆಗೆ ಕಬ್ಬಿನ ಸಿಪ್ಪೆ ತಳ್ಳೋರ ಮುಖದ ಮೇಲೆ ಕೆಂಪು ಬೆಳಕು. ಇಂಥ ಕಡೆ ಮೀಟರ್ ನಂಬಿದ್ರೆ ಆಗಲ್ಲ, ಯಾಕಂದ್ರೆ ಮೀಟರ್‌ಗೆ ಬಿಳಿ ಆವಿ ಕಂಡ್ರೆ ಬೆಳಕು ತುಂಬ ಇದೆ ಅಂದ್ಕೊಂಡು ಕಮ್ಮಿ ಮಾಡು ಅನ್ನುತ್ತೆ, ಮನುಷ್ಯರು ಮಸಿ ಆಗೋಗ್ತಾರೆ. ನಾನು ಕೆಲಸ ಮಾಡೋರು ನಿಂತಿರೋ ಬೆಳಕಲ್ಲೇ ನನ್ನ ಅಂಗೈ ಹಿಡಿದು ಹತ್ತಿರದಿಂದ ಮೀಟರ್ ನೋಡ್ತೀನಿ, ಅಂಗೈ ಮೀಟರ್ ಲೆಕ್ಕದ ಬೂದು ಬಣ್ಣಕ್ಕಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತೆ, ಆದ್ರಿಂದ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಕೊಡ್ತೀನಿ. ಎಚ್‌ಪಿ5ನ 1600ಕ್ಕೆ ಪುಷ್ ಮಾಡಿದ್ರೆ (1600 ಅಂತ ಅಂದ್ಕೊಂಡು ತೆಗೆದು, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಟ್ರೆ) 1/60, ಎಫ್ 2.8ರ ಆಸುಪಾಸು ಸಿಗುತ್ತೆ, ಕೈಯಲ್ಲೇ ಹಿಡಿದು ತೆಗೀಬೋದು. ಕಾಳು (ಗ್ರೇನ್) ದಪ್ಪ ಬರುತ್ತೆ ನಿಜ, ಆದ್ರೆ ಆ ಆವಿ, ಆ ಹೊಗೆಗೆ ಆ ಕಾಳು ಕೂಡುತ್ತೆ. ಬೆಲ್ಲದ ಪಾಕ ಅಚ್ಚಿಗೆ ಹುಯ್ಯೋವಾಗ ಅದರ ಮೇಲ್ಮೈ ಮೇಲೆ ಒಂದು ಹೊಳಪು ಬರುತ್ತಲ್ಲ, ಅದು ಪ್ರಿಂಟಲ್ಲಿ ಕಂಡಾಗ ಆದ ಖುಷಿ ಹೇಳತೀರದು.

ಅದೇ ಆಲೆಮನೇಲಿ ಕೊಡಾಕ್ ಗೋಲ್ಡ್ 200 ಹಾಕಿ ನೋಡ್ದೆ. ಕಲರ್ ನೆಗೆಟಿವ್‌ಗೆ ಬೆಳಕು ಜಾಸ್ತಿ ಆದ್ರೆ ತಡ್ಕೊಳ್ಳುತ್ತೆ, ಒಂದೆರಡು ಸ್ಟಾಪ್ ಹೆಚ್ಚಾದ್ರೂ ಏನೂ ಆಗಲ್ಲ, ಕಮ್ಮಿ ಆದ್ರೆ ಮಾತ್ರ ನೆರಳೆಲ್ಲ ಕೆಸರು ಬಣ್ಣ. ಒಳಗಡೆ ಗೋಲ್ಡ್‌ಗೆ ಬೆಳಕು ಸಾಲಲ್ಲ, ಆದ್ರೆ ಹೊರಗೆ ಬಂದು ಗದ್ದೆ ಬದುವಿನ ಮೇಲೆ ಸಂಜೆ ಐದರ ಬೆಳಕಲ್ಲಿ 100 ಅಂತ ಇಟ್ಟು ತೆಗೆದ್ರೆ ನಮ್ಮ ಮೈಬಣ್ಣ ಅಷ್ಟು ಚೆನ್ನಾಗಿ ಬರೋ ಫಿಲ್ಮ್ ಆ ರೇಟಿಗೆ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಕೊಡಾಕ್‌ನದೇ ಪೋರ್ಟ್ರಾ ಫಿಲ್ಮ್ ಇನ್ನೂ ನವಿರು, ಒಪ್ತೀನಿ, ಆದ್ರೆ ಬೆಲ್ಲದ ಬಣ್ಣ, ಅರಿಶಿನದ ಬಣ್ಣಕ್ಕೆ ನನ್ನ ಕಣ್ಣಿಗೆ ಗೋಲ್ಡೇ ಸರಿ. ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರ ಫೋಟೋನೇ ಮೂಡೋ ಫಿಲ್ಮು) ಬೇರೆ ಲೋಕ, ಎಕ್ಟಾಕ್ರೋಮ್ ಇ100 ಮೇಲುಕೋಟೆ ಕಲ್ಯಾಣಿಗೆ ತಗೊಂಡೋಗಿದ್ದೆ, ಅರ್ಧ ಸ್ಟಾಪ್ ಆಚೆ ಈಚೆ ಆದ್ರೂ ಕಾಣುತ್ತೆ, ಬೆಳಗ್ಗೆ ಎಂಟರೊಳಗೆ ತೆಗೀಬೇಕು ಅಷ್ಟೇ, ಆಮೇಲೆ ಕಲ್ಲಿನ ಮೆಟ್ಟಿಲು ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಕಪ್ಪಗೆ.

ಮೈಸೂರು ಅರಮನೆ ದೀಪಾಲಂಕಾರಕ್ಕೆ ಸಿನಿಮಾ ಫಿಲ್ಮ್ ಹಾಕಿ ನೋಡಿ ಅಂತ ಎಲ್ಲರಿಗೂ ಹೇಳ್ತೀನಿ. ಸುಮಾರು 1 ಲಕ್ಷ ಬಲ್ಬು, ಹಳದಿ ಬೆಳಕು, ಹಗಲಿನ ಫಿಲ್ಮ್‌ನಲ್ಲಿ ತೆಗೆದ್ರೆ ಇಡೀ ಕಟ್ಟಡ ಕಿತ್ತಳೆ ಆಗುತ್ತೆ. ಕೊಡಾಕ್ ವಿಷನ್3 500ಟಿ ಅನ್ನೋದು ಟಂಗ್‌ಸ್ಟನ್ ಬೆಳಕಿಗೇ ಮಾಡಿದ ಫಿಲ್ಮು, ಅದರಲ್ಲಿ ಗೋಡೆ ತಿಳಿ ಚಿನ್ನದ ಬಣ್ಣಕ್ಕೆ ಬರುತ್ತೆ, ಆಕಾಶ ಕಡು ನೀಲಿ. ಆದ್ರೆ ಆ ನೀಲಿ ಬೇಕು ಅಂದ್ರೆ ದಸರಾ ಟೈಮಲ್ಲಿ ಸಿಗಲ್ಲ, ಅಕ್ಟೋಬರ್‌ನಲ್ಲಿ ಆರು ಗಂಟೆ ಹೊತ್ತಿಗೇ ಸೂರ್ಯ ಮುಳುಗಿ ಏಳಕ್ಕೆ ಲೈಟ್ ಹಾಕೋಷ್ಟರಲ್ಲಿ ಆಕಾಶ ಕಪ್ಪಾಗಿರುತ್ತೆ. ಜೂನ್ ಜುಲೈ ಭಾನುವಾರ ಹೋಗಿ, ಆಗ ಸೂರ್ಯ ಮುಳುಗೋದೇ ಏಳಕ್ಕೆ ಹತ್ತು ನಿಮಿಷ ಇರುವಾಗ, ಮಳೆ ಬಿಟ್ಟಿದ್ರೆ ಸಾಕು. ಸಿನಿಸ್ಟಿಲ್ 800ಟಿ ಕೂಡ ಹಾಕ್ದೆ, ಅದೂ ಮೂಲದಲ್ಲಿ ಸಿನಿಮಾ ಫಿಲ್ಮೇ, ಹಿಂದಿನ ಕಪ್ಪು ರೆಮ್‌ಜೆಟ್ ಪದರ ಮೊದಲೇ ತೆಗೆದಿರ್ತಾರೆ. ಆ ಪದರ ಇಲ್ದೆ ಇರೋದ್ರಿಂದ ಬೆಳಕು ಫಿಲ್ಮ್ ದಾಟಿ ಹಿಂದಿನಿಂದ ವಾಪಸ್ ಬಡಿದು ಪ್ರತಿ ಬಲ್ಬಿನ ಸುತ್ತ ಕೆಂಪು ಉಂಗುರ ಬರುತ್ತೆ. ಬೀದೀಲಿ ಒಂದೋ ಎರಡೋ ದೀಪ ಇದ್ರೆ ಚೆಂದ, ಅರಮನೆಗೆ ಮಾತ್ರ ಬೇಡ, ಲಕ್ಷ ಬಲ್ಬಿನ ಕೆಂಪು ಸೇರಿ ಕಮಾನು ಗೋಪುರ ಎಲ್ಲ ಕಲಸಿಹೋಗುತ್ತೆ. ರೆಮ್‌ಜೆಟ್ ಇರೋ ರೋಲ್‌ನ ಮಾಮೂಲಿ ಲ್ಯಾಬಿಗೆ ಕೊಡ್ಬೇಡಿ, ಅವರ ಮಷೀನಿನ ಕೆಮಿಕಲ್ಲೇ ಹಾಳಾಗುತ್ತೆ, ಮನೇಲಿ ಅಡುಗೆ ಸೋಡಾ ಬೆರೆಸಿದ ಬಿಸಿ ನೀರಲ್ಲಿ ತೊಳೆದು ಆ ಪದರ ತೆಗೀಬೇಕು.

ಇನ್ನು ತೊಳೆಯೋ ವಿಷಯ. ಪುಸ್ತಕಗಳೆಲ್ಲ 20 ಡಿಗ್ರಿ ಅನ್ನುತ್ತೆ, ಬೇಸಿಗೇಲಿ ನಮ್ಮನೆ ಟ್ಯಾಂಕಿನ ನೀರು 28 ಇರುತ್ತೆ. ಸ್ಟೀಲ್ ಬೇಸಿನ್‌ನಲ್ಲಿ ನೀರು ತುಂಬಿ, ಐಸ್‌ನ ಕವರಲ್ಲಿ ಕಟ್ಟಿ ಹಾಕಿ, ಕೆಮಿಕಲ್ ಬಾಟ್ಲಿಗಳನ್ನ ಅದರೊಳಗೆ ನಿಲ್ಲಿಸ್ತೀನಿ. 20ಕ್ಕೆ ಇಳಿಸೋ ಹಟ ಬೇಡ, 24ಕ್ಕೆ ತಂದು ಅಲ್ಲೇ ನಿಲ್ಲಿಸಿದ್ರೆ ಸಾಕು, ಎಚ್‌ಪಿ5ಗೆ ಐಡಿ-11 ಅನ್ನೋ ಡೆವಲಪರ್ ಒಂದಕ್ಕೊಂದು ನೀರು ಬೆರೆಸಿದ್ರೆ 20ರಲ್ಲಿ 13 ನಿಮಿಷ, 24ರಲ್ಲಿ ಸುಮಾರು 9. ಡೆವಲಪರ್, ಹೈಪೋ (ಚಿತ್ರ ನಿಲ್ಲಿಸೋ ಫಿಕ್ಸರ್), ತೊಳೆಯೋ ನೀರು ಎಲ್ಲ ಒಂದೇ ಬಿಸಿ ಇರೋದು ಮುಖ್ಯ. ಕೊನೇ ಜಾಲಿಸೋದು ಮಾತ್ರ ಡಿಸ್ಟಿಲ್ಡ್ ವಾಟರ್‌ನಲ್ಲಿ, ಬೋರ್‌ವೆಲ್ ನೀರಾದ್ರೆ ಒಣಗಿದ ಮೇಲೆ ಸುಣ್ಣದ ಚುಕ್ಕೆ ಕೂತ್ಕೊಂಡು ಸ್ಕ್ಯಾನ್‌ನಲ್ಲಿ ಎದ್ದು ಕಾಣುತ್ತೆ. ಕಲರ್ ಕಷ್ಟ ಅಂತ ಎಲ್ಲ ಹೆದರಿಸ್ತಾರೆ, ಅದಕ್ಕೆ ಬೇಕಾಗಿರೋದು 38 ಡಿಗ್ರಿ, ಡೆವಲಪರ್ ಮೂರೂಕಾಲು ನಿಮಿಷ, ಒಂದು ಬಕೆಟ್ ಸ್ನಾನದ ನೀರಲ್ಲಿ ಆಗೋಗುತ್ತೆ, ನಮ್ಮ ಸೆಖೇಲಿ ಅದು ಬೇಗ ಆರೋದೂ ಇಲ್ಲ. ನಮ್ಮೂರಲ್ಲಿ ಕಪ್ಪು ಬಿಳುಪಿಗಿಂತ ಕಲರ್ ತೊಳೆಯೋದೇ ಸಲೀಸು.

ಆ ಸ್ಟುಡಿಯೋದವರು ಕ್ಯಾಮೆರಾ ಜೊತೆ ಡ್ರಾಯರ್ ತಳದಲ್ಲಿದ್ದ ಒಂದು ‘ಇಂದು’ ಬ್ರ್ಯಾಂಡಿನ ಫಿಲ್ಮ್ ರೋಲನ್ನೂ ಕೊಟ್ಟಿದ್ರು. ಅದನ್ನ ಮಾಡ್ತಿದ್ದಿದ್ದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಈಗ ಮುಚ್ಚಿಹೋಗಿದೆ. ನಮ್ಮ ಅಪ್ಪ ಅಮ್ಮಂದಿರ ಕಾಲದ ಎಷ್ಟೋ ಫೋಟೋ ಅದರಲ್ಲೇ ತೆಗೆದಿದ್ದು. ಹಳೇ ಫಿಲ್ಮ್‌ಗೆ ಹತ್ತು ವರ್ಷಕ್ಕೊಂದು ಸ್ಟಾಪ್ ಜಾಸ್ತಿ ಕೊಡಿ ಅಂತಾರೆ, ನಾನು ಮೂರು ಸ್ಟಾಪ್ ಕೊಟ್ಟು ಶ್ರೀರಂಗಪಟ್ಟಣದ ಕೋಟೆ ಹತ್ರ ತೆಗೆದೆ. ನೆಗೆಟಿವ್ ಪೂರ್ತಿ ಬೂದು ಮಂಜು ಹಿಡಿದಿತ್ತು, ಆದ್ರೂ ಕಲ್ಲಿನ ಸಂದು, ಹೊಳೆ ದಡದ ಮರ ಎಲ್ಲ ಬಂದಿದೆ. ಹಳೇ ಸ್ಟುಡಿಯೋಗಳ ಡ್ರಾಯರ್‌ನಲ್ಲಿ ಇನ್ನೂ ಇಂಥ ರೋಲ್ ಇರ್ಬೋದು, ನಿಮ್ಮೂರಲ್ಲಿ ಯಾರಾದ್ರೂ ಅಂಗಡಿ ಖಾಲಿ ಮಾಡ್ತಿದ್ರೆ ಕಸಕ್ಕೆ ಹಾಕೋ ಮೊದ್ಲು ಒಂದ್ಸಲ ಹೋಗಿ ಕೇಳಿ, ಡಬ್ಬಿ ಮೇಲೆ ಡೇಟ್ ಅಳಿಸಿಹೋಗಿದ್ರೂ ಪರವಾಗಿಲ್ಲ, ಫ್ರಿಜ್ಜಲ್ಲಿಡಿ, ಬಳಸೋಕೆ ಒಂದು ಗಂಟೆ ಮುಂಚೆ ಹೊರಗೆ ತೆಗೆದು ಬೆವರು ಆರಿದ ಮೇಲೆ ಲೋಡ್ ಮಾಡಿ.